ಸಾಲುಗಳು ಒಂದೇ ಅಳತೆಯಲ್ಲಿರಲಿ

‘ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ’ ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ವಿರಳ. ಕಂಪ್ಯೂಟರಿನ ಈ ಕಾಲದಲ್ಲಿಯೂ ಆ ಗಾದೆ ಸವೆದಿಲ್ಲವೆಂಬುದನ್ನು ವಿದ್ಯಾರ್ಥಿಗಳಿಗೂ ಪಾಲಕರಿಗೂ ತಿಳಿಸುವುದು ಈ ಲೇಖನದ ಉದ್ದೇಶ.

ಕೊಹೀರ್, ಜಹೀರಾಬಾದ್ ಕಡೆಯ ಹೊಲಗಳಲ್ಲಿ ಜೋಳ, ತೊಗರಿ ಬಿತ್ತುವುದನ್ನು ನಾವೆಲ್ಲರೂ ಕಂಡಿದ್ದೇವೆ. ಕೂರಿಗೆಯ ತಾಳುಗಳ ನಡುವಣ ಅಂತರ ಸಮವಾಗಿರುತ್ತದೆ. ಬಿತ್ತಿದವನೊಬ್ಬ, ಎಡೆ ಹೊಡೆಯುವವನು ಇನ್ನೊಬ್ಬನಿರಬಹುದು. ಸಾಲು ಸಮವಾಗಿದ್ದರೆ ಎಡೆಕುಂಟೆ ಕಳೆಯನ್ನು ಮಾತ್ರ ಕೀಳುತ್ತದೆ. ಸಾಲು ಅಂಕುಡೊಂಕಾದರೆ ಬೆಳೆಯನ್ನೇ ಕಿತ್ತೀತು. ಸಮಸಾಲು ನೋಟದ ಚೆಂದಕ್ಕಷ್ಟೇ ಅಲ್ಲ, ಮುಂದೆ ಬರುವವನ ಕೆಲಸಕ್ಕೆ.

ಕಂಪ್ಯೂಟರಿಗೆ ಬರೆಯುವ ಆದೇಶಗಳ ಮಾತೂ ಹೀಗೆಯೇ. ದೊಡ್ಡ ಕಚೇರಿಯೊಂದರಲ್ಲಿ ನೂರಾರು ಕಂಪ್ಯೂಟರುಗಳಿರುತ್ತವೆ. ಯಾವುದರಲ್ಲಿ ಯಾವ ತಂತ್ರಾಂಶವಿರಬೇಕು, ಯಾರಿಗೆ ಪ್ರವೇಶವಿರಬೇಕು ಎಂಬುದನ್ನು ಒಬ್ಬೊಬ್ಬರೇ ಹೋಗಿ ಹೊಂದಿಸುತ್ತ ಕುಳಿತರೆ ದಿನಗಳು ಸಾಲವು. ಆದಕಾರಣ ಎಲ್ಲವನ್ನೂ ಒಂದು ಆದೇಶಪತ್ರದಲ್ಲಿ ಬರೆದಿಡುತ್ತಾರೆ. ಯಂತ್ರವೇ ಅದನ್ನು ಓದಿ ಎಲ್ಲ ಕಂಪ್ಯೂಟರುಗಳನ್ನೂ ಒಂದೇ ರೀತಿ ಸಜ್ಜುಗೊಳಿಸುತ್ತದೆ. 2005ರಲ್ಲಿ ಬಂದ ಪಪೆಟ್, 2012ರಲ್ಲಿ ಬಂದ ಆನ್ಸಿಬಲ್ ಈ ಕೆಲಸದ ಸಾಧನಗಳು. ಹೈದರಾಬಾದಿಗೆ ಕೆಲಸಕ್ಕೆ ಹೋಗುವ ನಮ್ಮ ಕಡೆಯ ಹುಡುಗ ಹುಡುಗಿಯರು ನಾಳೆ ಕೈಯಾಡಿಸಬೇಕಾದದ್ದು ಇಂಥವುಗಳಲ್ಲಿಯೇ.

ಆನ್ಸಿಬಲ್‌ನ ಆದೇಶಗಳನ್ನು ಬರೆಯುವುದು ಯಾಮಲ್ ಎಂಬ ರೂಪದಲ್ಲಿ. ಇದರಲ್ಲಿ ಸಾಲಿನ ಮೊದಲು ಬಿಡುವ ಜಾಗಕ್ಕೇ ಅರ್ಥವಿದೆ. ಹಾಜರಿ ಪುಸ್ತಕದಲ್ಲಿ ‘ಎಂಟನೆಯ ತರಗತಿ’ ಎಂದು ಬರೆದು, ಅದರ ಕೆಳಗೆ ಸ್ವಲ್ಪ ಒಳಸರಿಸಿ ಹೆಸರುಗಳನ್ನು ಬರೆದಂತೆ. ಒಂದು ಸಾಲು ತಪ್ಪಾಗಿ ಸರಿದರೆ ಆ ಹೆಸರು ಬೇರೊಂದು ಶೀರ್ಷಿಕೆಗೆ ಸೇರಿಬಿಡಬಹುದು, ಇಲ್ಲವೆ ಯಂತ್ರವು ಓದಲೊಲ್ಲೆನೆನ್ನಬಹುದು. ಒಳಸರಿಸಲು ಟ್ಯಾಬ್ ಕೀಲಿಯನ್ನು ಬಳಸುವಂತಿಲ್ಲ. ಆದರೆ ಎರಡು ಸ್ಥಳ ಬಿಡಬೇಕೆ, ನಾಲ್ಕು ಬಿಡಬೇಕೆ ಎಂಬುದು ಬರೆಯುವವರ ಆಯ್ಕೆ. ಯಾಮಲ್‌ನ ಹಳೆಯ ನಿಯಮದಲ್ಲಿ ‘ಹೌದು’ ಎನ್ನುವುದಕ್ಕೆ ಯೆಸ್, ಟ್ರೂ, ಆನ್ ಮೂರೂ ಸಲ್ಲುತ್ತಿದ್ದವು. ಇದರಿಂದಾದ ಪಜೀತಿಯೊಂದುಂಟು. ನಾರ್ವೆ ದೇಶದ ಎರಡಕ್ಷರದ ಸಂಕೇತ ‘ಎನ್ಓ’. ಯಂತ್ರವು ಅದನ್ನು ‘ನೋ’ ಎಂದು ಓದಿ, ದೇಶವನ್ನೇ ‘ಅಲ್ಲ’ ಎಂದು ತಿಳಿಯುತ್ತಿತ್ತು! 2009ರ ಹೊಸ ನಿಯಮದಲ್ಲಿ ಟ್ರೂ, ಫಾಲ್ಸ್ ಎಂಬೆರಡನ್ನೇ ಉಳಿಸಿಕೊಂಡರು.

ಹಾಗಾದರೆ ಯಾವ ಶೈಲಿ ಶ್ರೇಷ್ಠ? ಈ ಜಗಳಕ್ಕೆ ಕೊನೆಯಿಲ್ಲ. ಪೈಥಾನ್ ಭಾಷೆಯವರು 2001ರಲ್ಲಿಯೇ ನಾಲ್ಕು ಸ್ಥಳವೆಂದು ಬರೆದಿಟ್ಟರು. 2009ರಲ್ಲಿ ಹೊರಬಂದ ಗೋ ಭಾಷೆಯವರು ಟ್ಯಾಬನ್ನೇ ಒಪ್ಪಿಕೊಂಡು, ಬರೆದದ್ದನ್ನೆಲ್ಲ ಅದಕ್ಕೆ ಹೊಂದಿಸುವ ಸಾಧನವನ್ನೂ ಕೊಟ್ಟರು. ಎರಡೂ ಭಾಷೆಗಳು ಚೆನ್ನಾಗಿಯೇ ಬಾಳುತ್ತಿವೆ. ಆದ್ದರಿಂದ ಶ್ರೇಷ್ಠವಾದುದನ್ನು ಹುಡುಕುತ್ತ ಕೂಡುವುದಕ್ಕಿಂತ ಒಂದನ್ನು ಆರಿಸಿ ಅದರಂತೆ ನಡೆಯುವುದೇ ಮುಖ್ಯವೆಂದು ನಮ್ಮ ಅಭಿಪ್ರಾಯ.

ನಡೆಯದಿದ್ದರೆ ಏನಾದೀತು? ಒಬ್ಬನು ಒಂದು ಅಂಕಿಯನ್ನು ತಿದ್ದಲು ಕುಳಿತು, ಜೊತೆಗೆ ಎಲ್ಲ ಸಾಲುಗಳನ್ನೂ ತನಗೆ ಬೇಕಾದಂತೆ ಸರಿಸುತ್ತಾನೆನ್ನಿ. ಮರುದಿನ ಪರಿಶೀಲಿಸುವವನಿಗೆ ನೂರು ಸಾಲು ಬದಲಾದಂತೆ ಕಾಣುತ್ತದೆ. ನಿಜವಾಗಿ ತಿದ್ದಿದ ಒಂದು ಅಂಕಿ ಆ ಗುಂಪಿನಲ್ಲಿ ಅಡಗಿಬಿಡುತ್ತದೆ. ಅದು ತಪ್ಪಂಕಿಯಾಗಿದ್ದರೆ ನೂರಾರು ಕಂಪ್ಯೂಟರುಗಳಿಗೂ ಅದೇ ತಪ್ಪು ಹೋಗುತ್ತದೆ.

ಇದು ಕಂಪ್ಯೂಟರಿನವರ ಗೋಳು, ನಮಗೇನು ಎನ್ನಬೇಡಿರಿ. ಕನ್ನಡದಲ್ಲಿ ‘ಕಾರ್ಯ’ ಎಂದು ಅರ್ಕಾವತ್ತಿನಲ್ಲಿಯೂ, ‘ಕಾರ‍್ಯ’ ಎಂದು ಒತ್ತಕ್ಷರದಲ್ಲಿಯೂ ಬರೆಯುವುದುಂಟು. ಎರಡೂ ಸರಿ. ಆದರೆ ಕಂಪ್ಯೂಟರಿನೊಳಗೆ ಅವು ಬೇರೆ ಬೇರೆ ಸಂಕೇತಗಳಾದ್ದರಿಂದ ಒಂದನ್ನು ಹುಡುಕಿದರೆ ಇನ್ನೊಂದು ಸಿಗದೆ ಹೋಗಬಹುದು. ಗಡಿಯವರಾದ ನಮಗಂತೂ ಈ ತೊಡಕು ಹೆಚ್ಚು. ನಿಜಾಮರ ಕಾಲದ ಉರ್ದು ದಫ್ತರ, 1956ರ ಪುನರ್ವಿಂಗಡಣೆಯ ಮೇಲೆ ತೆಲುಗು, ಮನೆಯಲ್ಲಿ ಕನ್ನಡ, ಅರ್ಜಿಯಲ್ಲಿ ಇಂಗ್ಲಿಷ್. ಹೀಗೆ ಲಿಪಿಯಿಂದ ಲಿಪಿಗೆ ಹಾಯುವಾಗ ಹೆಸರುಗಳ ರೂಪ ಬದಲಾಗುತ್ತದೆ. ‘ಕೊಹೀರ್’, ‘ಕೋಹಿರ್’ ನಮಗೆ ಒಂದೇ ಊರು, ಯಂತ್ರಕ್ಕೆ ಎರಡು. ಮಗುವಿನ ಹೆಸರು ಶಾಲೆಯ ದಾಖಲೆಯಲ್ಲಿ ಒಂದು ರೀತಿ, ಆಧಾರ್ ಚೀಟಿಯಲ್ಲಿ ಇನ್ನೊಂದು ರೀತಿ ಇದ್ದರೆ ಮುಂದೆ ಅಲೆದಾಡುವವರು ಪಾಲಕರೇ.

‘ಎಲ್ಲರೂ ಒಂದೇ ರೀತಿ ಬರೆದರೆ ಸ್ವಂತಿಕೆ ಉಳಿಯುವುದೇ?’ ಎಂದು ಕೆಲವು ವಿದ್ಯಾರ್ಥಿಗಳು ಕೇಳುವುದುಂಟು. ಪ್ರಶ್ನೆ ಯೋಗ್ಯವಾದುದೇ. ಆದರೆ ಭಜನೆಯಲ್ಲಿ ತಾಳ ಒಂದೇ ಇದ್ದರೂ ಕಂಠಗಳು ಬೇರೆ ಬೇರೆಯಲ್ಲವೆ? ಅಂಚು ಬಿಡುವ ನಿಯಮ ವಿಚಾರಕ್ಕೆ ಬೇಲಿಯಾಗದು. ಎಷ್ಟು ಜಾಗ ಬಿಡಬೇಕೆಂಬ ಚಿಂತೆ ತಪ್ಪಿದಷ್ಟೂ ಏನು ಬರೆಯಬೇಕೆಂಬುದಕ್ಕೆ ಮನಸ್ಸು ಬಿಡುವಾಗುತ್ತದೆ.

ಆದ್ದರಿಂದ ವಿದ್ಯಾರ್ಥಿಗಳಲ್ಲಿ ನಮ್ಮ ಸೂಚನೆ ಇಷ್ಟೆ. ಕೂಡಿ ಮಾಡುವ ಕೆಲಸವಾದರೆ, ಅದು ಕಂಪ್ಯೂಟರಿನ ಆದೇಶವಿರಲಿ, ಗೋಡೆಪತ್ರಿಕೆಯಿರಲಿ, ಆರಂಭಕ್ಕೆ ಮೊದಲೇ ಶೈಲಿಯನ್ನು ಗೊತ್ತುಮಾಡಿಕೊಳ್ಳಿರಿ. ಅದನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲರಿಗೂ ಕಾಣುವಂತೆ ಹಚ್ಚಿರಿ. ಸಾಲು ಹೊಂದಿಸುವ ಸಾಧನವಿದ್ದರೆ ಬಳಸಿರಿ. ತನಗೆ ಹಿಡಿಸದ ನಿಯಮವಾದರೂ ಒಪ್ಪಿದ ಮೇಲೆ ಪಾಲಿಸಿರಿ. ಬದಲಿಸಬೇಕೆನಿಸಿದರೆ ಎಲ್ಲರೂ ಕೂಡಿ ಒಮ್ಮೆಲೇ ಬದಲಿಸಿರಿ. ಆ ದಿನ ಬೇರೆ ತಿದ್ದುಪಡಿ ಬೇಡ. ಪಾಲಕರು ಮಕ್ಕಳ ಹೆಸರಿನ ವಿಷಯದಲ್ಲಿ ಇದನ್ನೇ ಅನುಸರಿಸಲಿ.

ನಾವು ಬರೆದದ್ದನ್ನು ನಾಳೆ ಓದುವವರು ನಾವಲ್ಲ, ಇನ್ನೊಬ್ಬರು. ಅವರ ಎಡೆಕುಂಟೆ ಸಲೀಸಾಗಿ ಹಾಯುವಂತೆ ಸಾಲು ಬಿಡುವುದು ವಿದ್ಯೆ ಕಲಿತವರ ಕರ್ತವ್ಯ.