ಟೊಂಗಿ ಕಡದವರಿಗೆ ಬೈತೀರಿ, ಹೂವಿನ್ಯಾಗ ನೀವ ಕೂಡ್ತೀರಿ

ಏಪ್ರಿಲ್ ಮುಗೀಲಿಕ್ಕೆ ಬಂತಂದ್ರ ನಮ್ಮ ಬಳಗದ ವಾಟ್ಸಾಪ್ ತುಂಬ ನೀಲಿ ಫೋಟೋ ಸುರು ಆಗ್ತಾವ. ಇಂಗ್ಲೆಂಡಿನ ಕಾಡಿನ್ಯಾಗ ಬ್ಲೂಬೆಲ್ ಹೂವು ಅರಳಿರ್ತಾವ, ಮಕ್ಕಳ ಮನಿಗೆ ಬಂದ ಮಾಮಿ, ವೈನಿ, ಅಕ್ಕಂದ್ರು ರೇಷ್ಮಿ ಸೀರಿ ಉಟ್ಟು ನಟ್ಟ ನಡುವ ಕೂತಿರ್ತಾರ. ಛಂದ ಕಾಣಸ್ತಾರ, ಸುಳ್ಳಲ್ಲ. ಆದ್ರ ಅದೇ ಮಂದಿ ಮುಂದ ನಾಕು ಹೆಜ್ಜಿ ಹೋಗಿ, ಕಡದ ಟೊಂಗಿ ನೋಡಿ "ಅಯ್ಯ, ಕಾಯ್ದಿಟ್ಟ ಕಾಡಂತ, ಹೆಂಗ ಬೋಳಸ್ಯಾರ ನೋಡ್ರಿ" ಅಂತಾರ. ನನ್ನ ಕೇಳಿದ್ರ ಇದು ಪೂರಾ ಉಲ್ಟಾ.

ಲಂಡನ್ನಿಗೆ ಹತ್ತಿದ ಎಪಿಂಗ್ ಕಾಡನ್ನ ತಗೋರಿ. 1878ರ ಕಾಯ್ದೆಯಿಂದ ಅದು ಉಳೀತು, ಸಿಟಿ ಆಫ್ ಲಂಡನ್ ಕಾರ್ಪೊರೇಷನ್ ಅದನ್ನ ನೋಡಿಕೋತದ. ಬೀಚ್, ಹಾರ್ನ್‌ಬೀಮ್, ಓಕ್ ಸೇರಿ 50 ಸಾವಿರಕ್ಕೂ ಹೆಚ್ಚು ಹಳೇ ಮರ ಅಲ್ಲಿ ಅವ. ಭಾಳಷ್ಟು ಮರಕ್ಕ ಗಿಡ್ಡ ದಪ್ಪ ಬೊಡ್ಡಿ, ಆಳೆತ್ತರದಿಂದ ಮ್ಯಾಲ ಕೈ ಚಾಚಿಧಂಗ ಟೊಂಗಿ. ತಾನಾಗಿ ಹಂಗ ಬೆಳದದ್ದಲ್ಲ. ಸುತ್ತಲಿನ ಊರಿನವರು ನೂರಾರು ವರ್ಷ ಒಲಿಗೆ ಕಟಗಿ ಬೇಕಂತ ಟೊಂಗಿ ಕಡದು ಕಡದು ಆದದ್ದು. ದನ, ಜಿಂಕಿ ಎಳೇ ಚಿಗರು ತಿನಬಾರದಂತ ಎತ್ತರದಾಗ ಕಡೀತಿದ್ರು. ಲೌಟನ್ ಊರಾಗ ನವೆಂಬರದಿಂದ ಏಪ್ರಿಲ್ ತನಕ ಕಡಿಯೋ ಹಕ್ಕ ಇತ್ತು. ಆ ಹಕ್ಕಿಗಾಗಿ 1866ರಾಗ ವಿಲಿಂಗೇಲ್ ಮನಿತನದವರು ಜೇಲಿಗೂ ಹೋದ್ರು.

ಕಾಯ್ದೆ ಬಂದಮ್ಯಾಲ ಹಕ್ಕ ಹೋತು. ಅದರ ಬದಲಿಗೆ 1884ರಾಗ ಊರಿಗೆ ಲಾಪಿಂಗ್ ಹಾಲ್ ಅಂತ ಕಟ್ಟಿಕೊಟ್ರು. ಕೊಡ್ಲಿ ನಿಂತಿತು, ಕಾಡು ಬದುಕಿತು ಅಂತೀರೇನು? ಕಡೀದೇ ಬಿಟ್ಟ ಟೊಂಗಿ ದಪ್ಪಾಗಿ, ತಲಿಭಾರ ಹೆಚ್ಚಾಗಿ, ಹಳೇ ಬೊಡ್ಡಿ ಸೀಳಲಿಕ್ಕೆ ಹತ್ತಿದ್ವು. ಕೆಳಗ ನೆಳ್ಳ ಗಟ್ಟಿಯಾಗಿ ಸಣ್ಣ ಗಿಡಗಂಟಿ ಸೊರಗಿದ್ವು. ಅದಕ್ಕ ಈಗ ಮತ್ತ ಆರಿಸಿ ಆರಿಸಿ, ಹಗೂರಕ ಕಡೀಲಿಕ್ಕೆ ಹತ್ಯಾರ. ನಮ್ಮ ಹಿತ್ತಲದ ನುಗ್ಗಿ ಗಿಡ ವರ್ಷಾ ಕಡದ್ರನ ಛಲೋ ಅಲ್ಲೇನು? ಬಿಟ್ರ ಒಂದಿನ ಗಾಳಿಗೆ ಮುರೀತದ.

ಹೂವಿನ ಮಾತು ಬ್ಯಾರೆ. ಬ್ಲೂಬೆಲ್ ನೆಲದಾಗಿನ ಗಡ್ಡಿಯಿಂದ ಬರ್ತದ. ಮ್ಯಾಲಿನ ಮರ ಎಲಿ ಬಿಟ್ಟು ನೆಳ್ಳ ಮಾಡೂದ್ರಾಗ, ಸಿಗೋ ಕೆಲವ ವಾರದ ಬಿಸಲಿನ್ಯಾಗ, ಮುಂದಿನ ವರ್ಷದ ಊಟಾ ಅದು ಗಡ್ಡಿಗೆ ತುಂಬಿಕೋಬೇಕು. ತುಂಬೋದು ಹೂವಲ್ಲ, ಎಲಿ. ಉಳ್ಳಾಗಡ್ಡಿ ಎಳೇದಿದ್ದಾಗ ತಪ್ಪಲ ತುಳದ್ರ ಗಡ್ಡಿ ದಪ್ಪ ಆಗ್ತದೇನು? ಇದೂ ಹಂಗ. ಬೀಜದಿಂದ ಹೊಸಾ ಗಿಡ ಹೂ ಬಿಡಬೇಕಂದ್ರ ಐದು ವರ್ಷನರೆ ಬೇಕು. ಅದಕ್ಕ ಹೂ ಕಿತ್ತಿಲ್ಲ, ಸುಮ್ಮನ ಕೂತೇವಿ ಅನ್ನೂ ಸಮಾಧಾನ ನನಗ ಒಪ್ಪಿಗಿ ಇಲ್ಲ. ಗಡ್ಡಿ ಕಿತ್ತು ಮನಿ ಕುಂಡದಾಗ ಹಚ್ಚೂದಂತೂ ದೂರ ಉಳೀತು. ಜಾಗಾದ ಮಾಲಕರ ಪರವಾನಗಿ ಇಲ್ಲದ ಕಾಡಿನ ಬ್ಲೂಬೆಲ್ ಬೇರಸಹಿತ ಕಿತ್ರ 1981ರ ಕಾಯ್ದೆ ಪ್ರಕಾರ ಗುನ್ಹೆ.

"ಒಬ್ಬಾಕಿ ಕೂತ್ರ ಏನಾಗ್ತದ?" ಅಂತ ಕೇಳ್ತೀರಿ. ಒಬ್ಬಾಕಿ ಕೂತ ಜಾಗಾ ಮುಂದ ಬಂದಾಕಿಗೆ ತಯಾರ ಆಸನ ಕಾಣಸ್ತದ. ಸಂಜೀ ತನಕ ಅಲ್ಲೊಂದು ಹಾದೀನ ಆಗ್ತದ. ಎಪಿಂಗ್ ಕಾಡಿಗೇ ಸೇರಿದ ವಾನ್‌ಸ್ಟೆಡ್ ಪಾರ್ಕಿನ ಶಾಲೆ ವುಡ್ ಒಳಗ ಹಾದಿ ಬದಿಗೆ ಮರದ ತುಂಡು ಸಾಲಾಗಿ ಇಟ್ಟಾರ. ಅದು ದಾಟಬ್ಯಾಡ್ರಿ ಅಂತ ಹೇಳ್ಲಿಕ್ಕೆ, ಕೂತು ಫೋಟೋ ತಗೀಲಿಕ್ಕಲ್ಲ.

ಹೋಗಬ್ಯಾಡ್ರಿ ಅಂತ ನಾ ಅನ್ನಂಗಿಲ್ಲ. ಹೋಗ್ರಿ, ಕಣ್ಣತುಂಬ ನೋಡ್ರಿ, ಮೊಮ್ಮಕ್ಕಳಿಗೆ ಬೀಚ್ ಯಾವ್ದು, ಹಾರ್ನ್‌ಬೀಮ್ ಯಾವ್ದು ತೋರಸ್ರಿ. ಹಾದಿ ಮ್ಯಾಲ ನಿಂತು, ಫೋನ್ ಮೊಣಕಾಲ ಮಟ ಇಳಿಸಿ ಹಿಡದ್ರ ಸುತ್ತಲೂ ಹೂವಿನ ಸಮುದ್ರ ಇದ್ಧಂಗ ಬರ್ತದ. ಈ ವರ್ಷ ಅಂಥಾ ಫೋಟೋ ಕಳಸ್ರಿ. ರೇಷ್ಮಿ ಸೀರಿಗೆ ಮಣ್ಣೂ ಹತ್ತಂಗಿಲ್ಲ.