ಮೊಗೆಕಾಯಿ, ಬಣ್ಣದ ಸೌತೆ ಮತ್ತೆ ಲಿನಕ್ಸು

ಯಮ್ಮನೆ ಹಳೇ ಲ್ಯಾಪ್‌ಟಾಪಿಗೆ ಮಗ ಲಿನಕ್ಸ್ ಮಿಂಟ್ ಹಾಕಿ ಕೊಟ್ಟಿದ್ದ. ಆಯಿಯ ಹಾಡಿನ ಪಟ್ಟಿ ಟೈಪ್ ಮಾಡಲೆ ಅದರ ಮುಂದೆ ಕೂತಿದ್ದಿ. ಆಯಿ ಈಗ ಇಲ್ಲೆ, ಪಟ್ಟಿಯೂ ಒರಲೆ ಹಿಡಿದು ಅರ್ಧ ಹೋಯ್ದು. ಉಳಿದಷ್ಟನ್ನಾದರೂ ತಂಗಿ ಮಗಳ ಮದುವೆಗೆ ಪ್ರಿಂಟ್ ತೆಗೆದು ಹಂಚವು ಹೇಳಿ ಆಸೆ.

"ದೊಡ್ಡಾಯಿ, ಲೋಹಿತ್ ಕನ್ನಡ ಫಾಂಟ್ ಚೊಲೋ ಇದ್ದು" ಹೇಳಿ ಬೆಂಗಳೂರಲ್ಲಿಪ್ಪ ತಂಗಿ ಮಗ ಎರಡು ಫೈಲ್ ಕಳ್ಸಿದ. ಒಂದು ಫಾಂಟು, ಇನ್ನೊಂದು ಪ್ರಿಂಟರಿಂದು. ಅವನದ್ದು ಫೆಡೋರಾ, ಅಲ್ಲಿ ಆರ್‌ಪಿಎಂ ಪ್ಯಾಕೇಜು. ಮಿಂಟ್, ಉಬುಂಟು, ಡೆಬಿಯನ್‌ಗೆ ಬೇಕಾದ್ದು ಡೆಬ್. ಅದನ್ನು ಇದು ಮಾಡಲೆ 'ಏಲಿಯನ್' ಹೇಳಿ ಒಂದು ಸಾಧನ ಇದ್ದು, ಹಾಕ್ದಿ. ಫಾಂಟು ಸಲೀಸಾಗಿ ಆತು. ಪ್ರಿಂಟರಿಂದು ಹಾಕಿದ ಮೇಲೆ ಅಪ್‌ಡೇಟೆಲ್ಲ ನಿಂತೇ ಹೋತು.

ಕಾರಣ ಆಮೇಲೆ ತಿಳೀತು. ಫಾಂಟು ಅಂದ್ರೆ ಬರೀ ಅಕ್ಷರದ ಫೈಲು, ಯಾರ ಹಂಗೂ ಇಲ್ಲೆ. ಪ್ರಿಂಟರಿನ ತಂತ್ರಾಂಶಕ್ಕೆ ಬೇರೆ ಹತ್ತು ಫೈಲಿನ ಆಸರೆ ಬೇಕು. ಅವುಗಳ ಹೆಸರು, ಆವೃತ್ತಿ ಒಂದೊಂದು ಲಿನಕ್ಸಲ್ಲಿ ಒಂದೊಂದು ನಮೂನೆ. ಏಲಿಯನ್ ಡಬ್ಬಿ ಬದಲಿಸ್ತು, ಒಳಗಿಂದು ಹಂಗೇ ಇರ್ತು. ಸಿಸ್ಟಮ್ಮಿನ ಮುಖ್ಯ ಪ್ಯಾಕೇಜಿಗೆ ಇದನ್ನು ಬಳಸಡಿ ಹೇಳಿ ಅದರ ಕೈಪಿಡಿಯಲ್ಲೇ ಇದ್ದು. ಓದದೇ ಹಾಕಿದ್ದು ಯನ್ನ ತಪ್ಪು.

ಆ ಪ್ಯಾಕೇಜು ತೆಗೆದ ಮೇಲೆ ಅಪ್‌ಡೇಟ್ ಸರಿಯಾತು. ಮತ್ತೆ ಮಿಂಟಿನ ಸಾಫ್ಟ್‌ವೇರ್ ಮ್ಯಾನೇಜರಲ್ಲಿ ಹುಡುಕಿದರೆ ಲೋಹಿತ್ ಅಲ್ಲೇ ಇತ್ತು! ಫೆಡೋರಾದಲ್ಲಿ 'ಲೋಹಿತ್-ಕನ್ನಡ-ಫಾಂಟ್ಸ್', ನಮ್ಮಲ್ಲಿ 'ಫಾಂಟ್ಸ್-ಲೋಹಿತ್-ಕೆಎನ್‌ಡಿಎ'. ಪ್ರಿಂಟರನ್ನೂ ಮಿಂಟೇ ಗುರುತು ಹಿಡೀತು. ಯಂಗೆ ಮೊಗೆಕಾಯಿ, ಮಂಗಳೂರಲ್ಲಿಪ್ಪ ಅಕ್ಕಂಗೆ ಅದೇ ಬಣ್ಣದ ಸೌತೆ. ಅಕ್ಕನ ಮನೆಯಿಂದ ಹೊತ್ತು ತರುವ ಬದಲು ಕುಮಟಾ ಪೇಟೆಲಿ ಮೊಗೆಕಾಯಿ ಹೇಳಿ ಕೇಳಿದರೆ ಸಿಕ್ತು.

ಹಂಗಾಗಿ ಯನ್ನ ಅಭಿಪ್ರಾಯ ಇಷ್ಟೇ. ಮೊದಲು ನಮ್ಮ ಲಿನಕ್ಸಿನ ಉಗ್ರಾಣದಲ್ಲೇ ಹುಡುಕವು. ಇಲ್ಲದಿದ್ದರೆ ಎಲ್ಲ ಕಡೆ ನಡೆವ ಫ್ಲಾಟ್‌ಪ್ಯಾಕ್, ಆ್ಯಪ್‌ಇಮೇಜ್ ನೋಡವು. ಅದೂ ಇಲ್ಲದಿದ್ದರೆ ಮಾಡಿದವರೇ ಕೊಟ್ಟ ಡೆಬ್. ಏಲಿಯನ್ ಕಡೆಗೆ, ಅದೂ ಸಣ್ಣಪುಟ್ಟದ್ದಕ್ಕೆ ಮಾತ್ರ. ತಂತ್ರಾಂಶ ಮಾಡುವವರೂ ಒಂದೇ ನಮೂನೆ ಕೊಟ್ಟು ಕೈ ತೊಳ್ಕಂಡ್ರೆ ಆಗ, ಮನೇಲಿ ಕೂತು ಕಲಿವ ನಮ್ಮಂಥವರೂ ಇದ್ದ.

ಯಾವುದಕ್ಕೂ ಕೈ ಹಾಕುವ ಮೊದಲು ಬರೆದದ್ದನ್ನು ಪೆನ್‌ಡ್ರೈವಿಗೆ ಹಾಕಿ ಇಡಿ. ಲ್ಯಾಪ್‌ಟಾಪು ಮತ್ತೆ ಸರಿ ಮಾಡ್ಲಕ್ಕು, ಆಯಿಯ ಹಾಡು ಮತ್ತೆ ಕೇಳಿ ಬರಕಂಬಲೆ ಆಯಿ ಇಲ್ಲೆ.