ಬಸುರಿಗೊಂದು ಒಲೆ, ಮನೆಗೊಂದು ಒಲೆ ಬೇಡ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಅವ್ವಂದಿರಿಗೆ, ಅತ್ತೆಯಂದಿರಿಗೆ, ಈ ಹಾಳೆಯನ್ನು ಅವರಿಗೆ ಓದಿ ಹೇಳಬೇಕಾದ ಗಂಡಸರಿಗೆ

ನಮ್ಮದು ಕಬ್ಬಿನ ಸೀಮೆ. ಕಾರ್ಖಾನೆ ಶುರುವಾದರೆ ರಸ್ತೆ ತುಂಬ ಟ್ರ್ಯಾಕ್ಟರ್, ಗಾಣದ ಹೊಲದಿಂದ ಮನೆಮನೆಗೂ ಬಿಸಿ ಬೆಲ್ಲ. ಸೊಸೆ ಬಸುರಿಯಾದಳೆಂದರೆ ಕೇಳುವುದೇ ಬೇಡ. ಕುಬಸದ ದಿನ ಹೋಳಿಗೆ, ಮಾದಲಿ, ಶೇಂಗಾ ಉಂಡಿ, ಮೇಲೆ ಬೀಗರು ತಂದ ಪೇಢೆ. "ಎರಡ ಜೀವ ಅದಾವು, ಇಬ್ಬರದೂ ಉಣ್ಣು" ಎನ್ನುವುದು ಪ್ರೀತಿಯ ಮಾತು. ಕೆಲವರ ಮೈಗೆ ಅದು ಆಗಿಬರುವುದಿಲ್ಲ.

ಬಸಿರಿನಲ್ಲಿ ಮಾಸು ಸುರಿಸುವ ಹಾರ್ಮೋನುಗಳು ತಾಯಿಯ ಇನ್ಸುಲಿನ್ನಿನ ಬಲ ತಗ್ಗಿಸುತ್ತವೆ. ಸಾಲದೆ ಬಂದ ಇನ್ಸುಲಿನ್ನನ್ನು ಹೆಚ್ಚಿನವರ ಮೈ ತಾನೇ ತಯಾರಿಸಿಕೊಳ್ಳುತ್ತದೆ. ಕೆಲವರ ಮೈಗೆ ಆಗುವುದಿಲ್ಲ, ರಕ್ತದಲ್ಲಿ ಸಕ್ಕರೆ ಏರುತ್ತದೆ. ಆ ಸಕ್ಕರೆ ಕೂಸಿಗೂ ಹರಿಯುತ್ತದೆ. ಕೂಸು ಅತಿಯಾಗಿ ದಪ್ಪವಾಗಿ ಹೆರಿಗೆ ಕಷ್ಟವಾಗಬಹುದು, ಹುಟ್ಟಿದ ಮೇಲೆ ಕೂಸಿನ ಸಕ್ಕರೆ ಒಮ್ಮೆಲೇ ಇಳಿಯಬಹುದು. "ಕೂಸು ಗುಂಡಗ ಐತಿ" ಎಂದು ಹಿಗ್ಗುವ ಮುನ್ನ ಇದನ್ನೂ ನೆನೆಯಿರಿ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997-98ರಲ್ಲಿ ಪರೀಕ್ಷಿಸಿದ ಬಸುರಿಯರಲ್ಲಿ ನೂರಕ್ಕೆ ಆರು ಜನರಿಗೆ ಈ ತೊಂದರೆ ಇತ್ತು. ಅವರ ಹೆಣ್ಣುಮಕ್ಕಳನ್ನು ಒಂಬತ್ತು-ಹತ್ತನೇ ವಯಸ್ಸಿನಲ್ಲಿ ನೋಡಿದಾಗ ಓರಗೆಯವರಿಗಿಂತ ಮೈಕೊಬ್ಬು ಹೆಚ್ಚಿತ್ತು.

ಇದು ಮೇಲ್ನೋಟಕ್ಕೆ ಗೊತ್ತಾಗುವ ಬೇನೆಯಲ್ಲ. ಪರೀಕ್ಷೆಯೊಂದೇ ದಾರಿ, ಅದೂ ಸರಳ: 75 ಗ್ರಾಂ ಗ್ಲುಕೋಸ್ ಪುಡಿಯನ್ನು 300 ಮಿಲಿ ನೀರಿನಲ್ಲಿ ಕದಡಿ ಕುಡಿದು, ಎರಡು ತಾಸಿನ ಮೇಲೆ ರಕ್ತ ಕೊಡುವುದು. ಉಂಡು ಬಂದಿದ್ದರೂ ನಡೆಯುತ್ತದೆ. ಅರ್ಧ ತಾಸಿನೊಳಗೆ ವಾಂತಿಯಾದರೆ ಮರುದಿನ ಮತ್ತೆ ಮಾಡಬೇಕು. ಸಕ್ಕರೆ 140 ಅಥವಾ ಅದಕ್ಕೂ ಮೇಲೆ ಬಂದರೆ ಬಸಿರಿನ ಸಕ್ಕರೆ ಬೇನೆ ಎಂದು ಲೆಕ್ಕ. ತಾಯಿ ಕಾರ್ಡ್ ಮಾಡಿಸುವಾಗ ಒಮ್ಮೆ, ಆಗ ಸರಿ ಇದ್ದರೂ 24ರಿಂದ 28ನೇ ವಾರದೊಳಗೆ ಇನ್ನೊಮ್ಮೆ ಮಾಡಿಸಬೇಕು. ಈ ಎರಡನೆಯದೇ ತಪ್ಪಿಹೋಗುವುದು, ಏಕೆಂದರೆ ಅಷ್ಟರಲ್ಲಿ ಹುಡುಗಿ ತವರಿಗೆ ಹೊರಟು ನಿಂತಿರುತ್ತಾಳೆ, ಇಲ್ಲವೇ ಕಬ್ಬು ಕಡಿಯುವವರ ಜೊತೆ ಇನ್ನೊಂದು ಊರಿನ ಗುಡಿಸಲಿನಲ್ಲಿರುತ್ತಾಳೆ. ಕಾರ್ಡ್ ಜೊತೆಗಿರಲಿ. ಪ್ರತಿ ತಿಂಗಳ 9ನೇ ತಾರೀಖು ಸರಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ಪುಕ್ಕಟೆ ತಪಾಸಣೆ ಇರುತ್ತದೆ. ಯಾವ ಊರಿನಲ್ಲಿದ್ದರೂ ಹೋಗಬಹುದು.

ಸಕ್ಕರೆ ಇದೆ ಎಂದು ಗೊತ್ತಾದ ದಿನವೇ ಮನೆಯಲ್ಲಿ ತಪ್ಪು ಶುರುವಾಗುತ್ತದೆ. ಎಲ್ಲರಿಗೂ ಹೋಳಿಗೆ, ಅವಳೊಬ್ಬಳಿಗೆ ಒಣ ರೊಟ್ಟಿ. ಏನೋ ಅಪರಾಧ ಮಾಡಿದವಳ ಹಾಗೆ ಅವಳು ಮೂಲೆಯಲ್ಲಿ ಕೂತು ಉಣ್ಣುತ್ತಾಳೆ. ಎಂಟು ದಿನಕ್ಕೆ ಬೇಸತ್ತು ಕದ್ದು ತಿನ್ನುತ್ತಾಳೆ. ನಮ್ಮ ವಾದ ಇಷ್ಟೇ: ಅವಳಿಗೆ ಬೇಕಾದ ಊಟ ಮನೆಯವರೆಲ್ಲರಿಗೂ ಒಳ್ಳೆಯದು. ಅದನ್ನೇ ಎಲ್ಲರೂ ಉಣ್ಣಿ.

ಆ ಊಟವೇನೂ ಪರದೇಶದ್ದಲ್ಲ. ಬಿಳಿಜೋಳದ ರೊಟ್ಟಿ, ಮಡಕಿಕಾಳಿನ ಪಲ್ಲೆ, ಝುಣಕ, ಮೆಂತೆ, ರಾಜಗಿರಿ, ಹಸಿ ಸೌತೆಕಾಯಿ, ಮಜ್ಜಿಗೆ, ತಿನ್ನುವವರಿಗೆ ತತ್ತಿ. ಆದರೆ "ರೊಟ್ಟಿ ತಿಂದರ ಶುಗರ್ ಏರೂದಿಲ್ಲ" ಎನ್ನುವುದು ಅರ್ಧ ಸತ್ಯ. ನಾಲ್ಕು ರೊಟ್ಟಿ ತಿಂದರೆ ಏರಿಯೇ ಏರುತ್ತದೆ. ರೊಟ್ಟಿ ಎರಡಿರಲಿ, ಪಲ್ಲೆ ಅರ್ಧ ತಾಟು ತುಂಬಲಿ, ಅನ್ನ ಕೊನೆಯಲ್ಲಿ ಒಂದು ತುತ್ತು. "ಸಕ್ಕರಿ ಬಿಟ್ಟು ಬೆಲ್ಲ ತಿಂತೀನಿ" ಎನ್ನುವವರಿಗೂ ಒಂದು ಮಾತು: ಎರಡೂ ಅದೇ ಕಬ್ಬಿನವು, ರಕ್ತಕ್ಕೆ ಎರಡರ ಭೇದ ಗೊತ್ತಾಗುವುದಿಲ್ಲ. ಕಬ್ಬಿನ ಹಾಲೂ ಬೇಡ. ಸಂಕಷ್ಟಿಗೆ ದಿನವಿಡೀ ಉಪವಾಸವಿದ್ದು ರಾತ್ರಿ ಶಾಬುದಾಣಿ ಖಿಚಡಿ ತಿನ್ನುವುದನ್ನು ಹೆರಿಗೆಯಾಗುವ ತನಕ ಬಿಟ್ಟರೆ ಗಣಪತಿ ಮನ್ನಿಸುತ್ತಾನೆ. ಅಂಗನವಾಡಿಯ ಮಾತೃಪೂರ್ಣ ಊಟದಲ್ಲಿ ಸಾರು, ತತ್ತಿ, ಹಾಲು ಬಿಡಬೇಡಿ. ಅನ್ನ ಕಡಿಮೆ ಹಾಕಿಸಿಕೊಳ್ಳಿ, ಬೆಲ್ಲದ ಚಿಕ್ಕಿ ಮೈದುನನಿಗೆ ಕೊಡಿ.

ಅವಳನ್ನು ಉಪವಾಸ ಕೆಡವುವುದೂ ಕೆಟ್ಟದ್ದೇ. ಮೂರು ಊಟ, ನಡುವೆ ಎರಡು-ಮೂರು ಸಲ ಸ್ವಲ್ಪ ಶೇಂಗಾ, ಪುಟಾಣಿ, ಇಲ್ಲವೇ ಅರ್ಧ ಪೇರಲ ಹಣ್ಣು. ಡಾಕ್ಟರು ಬೇಡ ಎನ್ನದಿದ್ದರೆ ಉಂಡ ಮೇಲೆ ಹತ್ತು-ಹದಿನೈದು ನಿಮಿಷ ಅಂಗಳದಲ್ಲಿ ಅಡ್ಡಾಡಲಿ. ನಿಪ್ಪಾಣಿ ಕಡೆ ಬೀಡಿ ಕಟ್ಟುತ್ತ ಮಡಿಲಲ್ಲಿ ಮೊರ ಇಟ್ಟುಕೊಂಡು ದಿನವಿಡೀ ಕೂರುವವರು ತಾಸಿಗೊಮ್ಮೆ ಏಳಬೇಕು. ಬಸಿರಿನಲ್ಲಿ ಆ ತಂಬಾಕಿನ ಧೂಳಿನಿಂದ ದೂರವಿದ್ದರಂತೂ ಇನ್ನೂ ಒಳ್ಳೆಯದು.

ಹೀಗೆ ಎರಡು ವಾರ ನಡೆಸಿ, ಉಂಡು ಎರಡು ತಾಸಿನ ಮೇಲೆ ಮತ್ತೆ ರಕ್ತ ನೋಡುತ್ತಾರೆ. 120ರ ಒಳಗಿದ್ದರೆ ಪಥ್ಯವೇ ಸಾಕು. ಇಳಿಯದಿದ್ದರೆ ಡಾಕ್ಟರು ಗುಳಿಗೆಯನ್ನೋ ಇನ್ಸುಲಿನ್ ಸೂಜಿಯನ್ನೋ ಕೊಡುತ್ತಾರೆ. "ಒಮ್ಮೆ ಹಿಡಿದರ ಸಾಯೂತನಾ ಬಿಡೂದಿಲ್ಲ" ಎಂಬ ಹೆದರಿಕೆ ಬೇಡ. ಹೆಚ್ಚಿನವರಿಗೆ ಹೆರಿಗೆಯಾದ ಮೇಲೆ ಅದು ಬೇಕಾಗುವುದಿಲ್ಲ. ನಾಟಿ ಔಷಧಿ ನೆಚ್ಚಿಕೊಂಡು ಸೂಜಿ ನಿಲ್ಲಿಸುವವರ ಬಗ್ಗೆ ಮಾತ್ರ ನಮಗೆ ಸಿಟ್ಟಿದೆ.

ಕೂಸು ಹುಟ್ಟಿದ ಒಂದು ತಾಸಿನೊಳಗೆ ಎದೆಹಾಲು ಕುಡಿಸಿ. ಬಾಣಂತಿಗೆ ಅಂಟಿನ ಉಂಡಿ, ಸಜ್ಜಕ ಕಟ್ಟಿಕೊಡುವ ಅವ್ವಂದಿರು ಸ್ವಲ್ಪ ಕೈ ಹಿಡಿಯಿರಿ. ಈ ಬೇನೆ ಬಂದುಹೋದವರಿಗೆ ಮುಂದೆ ಕಾಯಂ ಸಕ್ಕರೆ ಬೇನೆ ಬರುವ ಸಂಭವ ಹೆಚ್ಚು. ಆರು ವಾರಕ್ಕೆ ತಾಯಿಗೆ ಮತ್ತೊಂದು ಗ್ಲುಕೋಸ್ ಪರೀಕ್ಷೆ ಇದೆ. ಕೂಸಿನ ಒಂದೂವರೆ ತಿಂಗಳ ಲಸಿಕೆ ಬೀಳುವುದೂ ಆಗಲೇ. ಕೂಸಿನ ಸೂಜಿ ಯಾರೂ ತಪ್ಪಿಸುವುದಿಲ್ಲ. ಅವತ್ತು ಮುಂಜಾನೆ ತಾಯಿ ಖಾಲಿ ಹೊಟ್ಟೆಯಲ್ಲಿ ಹೋಗಲಿ, ಚಹಾ ಸಹ ಕುಡಿಯದೆ. "ಕೂಸಿಂದ ಆತು, ಇನ್ನ ನಂದೂ ನೋಡ್ರಿ" ಎಂದು ನರ್ಸಬಾಯಿಗೆ ಅವಳೇ ಹೇಳಲಿ.